ಆನ್‌ಲೈನ್ ಮಾರುಕಟ್ಟೆಯ ಸೆಲ್ಲರ್ ಅಕೌಂಟ್: ಸಾರಿನ ಪುಡಿ ಮಾರುವವರಿಗೆ ಎಷ್ಟು ಲಾಭ?

ಮುಂಬಯಿ ಸುತ್ತಿನ ಮಾಟುಂಗಾ, ಮುಲುಂಡ್, ಡೊಂಬಿವಲಿ ಕಡೆ ಸಾರಿನ ಪುಡಿ, ಹಪ್ಪಳ ಮಾಡಿ ಮಾರುವ ಕನ್ನಡಿಗರು ದೊಡ್ಡ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಸೆಲ್ಲರ್ ಅಕೌಂಟ್ ತೆರೆಯಬಹುದು. ಆದರೆ ಇಡೀ ಅಂಗಡಿಯನ್ನೇ ಅಲ್ಲಿಗೆ ಎತ್ತಿಕೊಂಡು ಹೋಗಬೇಡಿ.

ತೆರೆಯುವುದು ಸಲೀಸು: ಪ್ಯಾನ್, ಬ್ಯಾಂಕ್ ಖಾತೆ, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನೋಂದಣಿ. ಕೈ ಸುಡುವುದು ಲೆಕ್ಕದಲ್ಲಿ. 200 ರೂಪಾಯಿಯ ಪ್ಯಾಕೆಟ್‌ಗೆ ಕಮಿಷನ್ 10%, ಸಾಗಣೆ 55 ರೂ. ಎಂದಿಟ್ಟುಕೊಳ್ಳಿ. ಒಟ್ಟು 75, ಅದರ ಮೇಲೆ 18% ಜಿಎಸ್‌ಟಿ 13.50, ಕೈಗೆ ಉಳಿಯುವುದು 111.50. ಆ 13.50 ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಆಗಿ, ಸಿಗುತ್ತದೆ. ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಾದ ಕಾಂಪೋಸಿಷನ್‌ನಲ್ಲಿದ್ದರೆ ಅದೂ ಇಲ್ಲ. ಮಾಲು ರಿಟರ್ನ್ ಬಂದರೆ ಸಾಗಣೆ ಖರ್ಚು ಇನ್ನೊಮ್ಮೆ.

ಇದೆಲ್ಲ ಸಹಿಸಬಹುದು. ನಿಜವಾದ ತೊಡಕು ಮಾಹಿತಿಯದು. ಗಿರಾಕಿ ಏನೆಂದು ಹುಡುಕಿದ, ಎಷ್ಟು ಗ್ರಾಂನ ಪ್ಯಾಕೆಟ್ ಓಡುತ್ತದೆ, ಯಾವ ಬೆಲೆ ಕಂಡು ಹಿಂದೆ ಸರಿದ, ಎಲ್ಲವೂ ಮಾರುಕಟ್ಟೆ ನಡೆಸುವ ವೇದಿಕೆಗೆ ಗೊತ್ತು. ನಿಮಗೆ ಗಿರಾಕಿಯ ಫೋನ್ ನಂಬರೂ ಸಿಗುವುದಿಲ್ಲ. ಅದೇ ವೇದಿಕೆ ನಾಳೆ ತನ್ನ ಬ್ರಾಂಡಿನ ಸಾರಿನ ಪುಡಿ ತಂದರೆ ಹುಡುಕಾಟದ ಮೊದಲ ಸಾಲೂ ಅದರ ಕೈಯಲ್ಲೇ ಇರುತ್ತದೆ.

ಕಾನೂನಿನ ಆಸರೆ ಅರ್ಧಂಬರ್ಧ. ವಿದೇಶಿ ಹೂಡಿಕೆ ಕುರಿತ ಕೇಂದ್ರ ಸರ್ಕಾರದ 2018ರ ಪ್ರೆಸ್ ನೋಟ್ 2ರ ಪ್ರಕಾರ ವಿದೇಶಿ ಹೂಡಿಕೆಯ ವೇದಿಕೆ ತನ್ನ ಪಾಲು ಇರುವ ಕಂಪನಿಯಿಂದ ಅಲ್ಲೇ ಮಾರಿಸುವಂತಿಲ್ಲ. ಮಾರಾಟಗಾರನ ಖರೀದಿಯಲ್ಲಿ 25%ಕ್ಕಿಂತ ಹೆಚ್ಚು ವೇದಿಕೆಯ ಬಳಗದಿಂದ ಬಂದರೆ ಆ ದಾಸ್ತಾನು ವೇದಿಕೆಯ ಹಿಡಿತದಲ್ಲಿದೆ ಎಂದೇ ಲೆಕ್ಕ, ಅದಕ್ಕೂ ಅವಕಾಶವಿಲ್ಲ. ಪೂರ್ತಿ ದೇಶೀ ಬಂಡವಾಳದ ವೇದಿಕೆಗೆ ಇದು ಅನ್ವಯಿಸದು, ಮಾಹಿತಿಯ ಬಳಕೆಯನ್ನಂತೂ ಮುಟ್ಟುವುದೇ ಇಲ್ಲ. ಯುರೋಪಿನಲ್ಲಿ ಮಾರಾಟಗಾರರ ಖಾಸಗಿ ಮಾಹಿತಿಯನ್ನು ಅವರ ವಿರುದ್ಧವೇ ಬಳಸುವುದಿಲ್ಲವೆಂದು ಅಮೆಜಾನ್ 2022ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಹೊರಬಂದ ಡಿಜಿಟಲ್ ಸ್ಪರ್ಧಾ ಮಸೂದೆಯಲ್ಲೂ ಇಂಥ ಕಲಮು ಇತ್ತು. ಕರಡು ಕರಡಾಗಿಯೇ ಉಳಿಯಿತು. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕೆಂಬ 2020ರ ಇ-ಕಾಮರ್ಸ್ ನಿಯಮಗಳ ಗಡುವು ಗಿರಾಕಿಯ ದೂರಿಗೆ, ನಿಮ್ಮದಕ್ಕಲ್ಲ.

ಹಾಗಾಗಿ ಮೊದಲು ಮಸಾಲೆ ಪದಾರ್ಥಗಳು ಬರುವ 30ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ವೇದಿಕೆಯಲ್ಲಿ ರುಚಿ ನೋಡುವ 100, 200 ಗ್ರಾಂ ಪ್ಯಾಕೆಟ್ ಮಾತ್ರ ಇಡಿ; ಅರ್ಧ ಕಿಲೋ, ಒಂದು ಕಿಲೋ ನೇರ ಗಿರಾಕಿಗಿರಲಿ. ಲಾಗಿನ್ ಆಗದ ಬೇರೆ ಫೋನಿನಲ್ಲಿ ವಾರಕ್ಕೊಮ್ಮೆ ನಿಮ್ಮ ಮಾಲು ಹುಡುಕಿ, ತಾರೀಖು ಸಮೇತ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ; ಮಾಲು ಕೆಳಗಿನ ಸಾಲಿಗೆ ಸರಿದರೆ ಪುರಾವೆಯಾದೀತು. ಪ್ಯಾಕೆಟ್ಟಿನೊಳಗೆ ವಾಟ್ಸಾಪ್ ಚೀಟಿ ತುರುಕುವ ಜಾಣತನ ಬೇಡ, ಅಕೌಂಟಿಗೇ ಕುತ್ತು ಬಂದೀತು. ಗಿರಾಕಿ ದೂರು ಹೇಳಲು ಲೇಬಲ್ ಮೇಲೆ ಫೋನ್ ನಂಬರು ಇರಬೇಕೆಂದು ಕಾನೂನೇ ಹೇಳುತ್ತದೆ. ಅದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ.