ಮೋಟಾರ್ ರಿವೈಂಡಿಂಗ್ ಕಲಿಯಲು ಆರ್‌ಸೆಟಿಗೆ ಹೋಗಬಹುದಾ? 30 ದಿನ ಇದ್ದು ಬಂದವನ ಅನುಭವ

ಹೋಗಿ. ಆದರೆ ಒಂದೆರಡು ವಿಷಯ ತಿಳಿದುಕೊಂಡು ಹೋಗಿ. ಆರ್‌ಸೆಟಿ ಅಂದರೆ ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸುವ, ಬ್ಯಾಂಕ್‌ಗಳು ನಡೆಸುವ ತರಬೇತಿ ಕೇಂದ್ರ. ರಿವೈಂಡಿಂಗ್ ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವುದು.

ನನಗೆ 38 ವರ್ಷ. ಪಿಯುಸಿ ಫೇಲಾದ ಮೇಲೆ ಪುಸ್ತಕ ಮುಟ್ಟಿದವನಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ಸೆಕ್ಯೂರಿಟಿ ಕೆಲಸ ಮಾಡಿ, ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದೆ. ನಮ್ಮ ಕಡೆ ಬೇಸಾಯ ಅಂದರೆ ಬೋರ್‌ವೆಲ್. ಒಂದು ಫೇಸ್ ಹೋದಾಗ ಪಂಪ್ ಆಫ್ ಮಾಡದಿದ್ದರೆ ಕಾಯಿಲ್ ಸುಟ್ಟಿತು ಅಂತಲೇ ಲೆಕ್ಕ, ಆಮೇಲೆ ಮೋಟಾರ್ ಎತ್ತಿಸಿ, 22 ಕಿಲೋಮೀಟರ್ ದೂರದ ಪೇಟೆಗೆ ಸಾಗಿಸಿ, ಅಲ್ಲಿ ನಾಲ್ಕೈದು ದಿನ ಕಾಯುವಷ್ಟರಲ್ಲಿ ಟೊಮೆಟೊ ಗಿಡ ಬಾಡಿರುತ್ತದೆ. ಈ ಕೆಲಸ ಊರಲ್ಲೇ ಇದ್ದರೆ ಎಷ್ಟು ಚೆಂದ ಅಲ್ವಾ ಅನ್ನಿಸಿತು.

ಹಾಗಾಗಿ ಆರ್‌ಸೆಟಿಗೆ ಸೇರಿದೆ. ಅಲ್ಲಿ ಊಟ, ವಸತಿ, ತರಬೇತಿ ಎಲ್ಲ ಉಚಿತ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದ್ದರು. ಅದೇ ಮಾದರಿಯಲ್ಲಿ 2009ರಿಂದ ಕೇಂದ್ರ ಸರ್ಕಾರ ಬ್ಯಾಂಕ್‌ಗಳ ಕೈಯಲ್ಲಿ ಜಿಲ್ಲೆಗೊಂದರಂತೆ ಆರ್‌ಸೆಟಿ ಮಾಡಿಸಿತು.

ಮೊದಲ ದಿನ ಬೆಂಚಿನ ಮೇಲೆ ಕೂರಲು ನಾಚಿಕೆಯಾಗಿತ್ತು. ಆದರೆ ಕಲಿಸುವ ರೀತಿ ಶಾಲೆಯದಲ್ಲ. ಸುಟ್ಟ ತಂತಿ ಬಿಚ್ಚುವಾಗಲೇ ಸುತ್ತು ಎಣಿಸಿ ಬರೆದುಕೋ, ಗೇಜ್ (ತಂತಿಯ ದಪ್ಪ) ಅಳೆ, ಸ್ಲಾಟಿಗೆ (ಕಾಯಿಲ್ ಕೂರುವ ಸಂದಿಗೆ) ಪೇಪರ್ ಹಾಕು, ಕಾಯಿಲ್ ಇಳಿಸು, ವಾರ್ನಿಷ್ ಒಣಗಲಿ, ಸೀರೀಸ್ ಲ್ಯಾಂಪಿನಲ್ಲಿ, ಅಂದರೆ ಬಲ್ಬ್ ಜೋಡಿಸಿ ಚೆಕ್ ಮಾಡು. ಮರೆತೇಹೋಗಿದ್ದ ಗುಣಾಕಾರ, ಭಾಗಾಕಾರ ಸುತ್ತಿನ ಲೆಕ್ಕದಲ್ಲೇ ವಾಪಸ್ ಬಂತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗವಾಗಿದ್ದು ಮಾರುಕಟ್ಟೆ ಸಮೀಕ್ಷೆ. ಒಂದು ದಿನ ನಮ್ಮನ್ನು ಪೇಟೆಗೆ ಕಳಿಸಿದರು. ತಿಂಗಳಿಗೆ ಎಷ್ಟು ಮೋಟಾರ್ ಬರುತ್ತವೆ, ತಂತಿ ಎಲ್ಲಿಂದ ತರಿಸುತ್ತೀರಿ, ಸಾಲ ಹೇಳಿದ ರೈತರು ಯಾವಾಗ ದುಡ್ಡು ಕೊಡುತ್ತಾರೆ ಅಂತ ಅಂಗಡಿ ಅಂಗಡಿಗೆ ಹೋಗಿ ಕೇಳಬೇಕು. ನಮ್ಮ ಬ್ಯಾಚಿನಲ್ಲಿ ಒಂದೇ ಊರಿನ ಮೂವರಿದ್ದರು. ಸಂಜೆ ಲೆಕ್ಕ ಹಾಕಿದಾಗ ಆ ಊರಿಗೆ ಮೂರು ಅಂಗಡಿ ಹೆಚ್ಚಾಯಿತು ಅಂತ ಅವರಿಗೇ ಗೊತ್ತಾಯಿತು. ಒಬ್ಬ ಪಕ್ಕದ ಹೋಬಳಿಯಲ್ಲಿ ಅಂಗಡಿ ಇಟ್ಟ, ಇನ್ನೊಬ್ಬ ಪೈಪ್‌ಲೈನ್ ಕೆಲಸಕ್ಕೆ ಇಳಿದ. ಸುಮ್ನೆ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ದರೆ ಮೂವರೂ ನಷ್ಟ ಮಾಡಿಕೊಳ್ಳುತ್ತಿದ್ದರು.

ಈಗ ಬೇಸರದ ವಿಷಯ. ನಾನು ಕಲಿತ ಕೇಂದ್ರದಲ್ಲಿ ಫ್ಯಾನ್ ಮತ್ತು ಮೋನೋಬ್ಲಾಕ್ (ನೆಲದ ಮೇಲೆ ಇಡುವ ಪಂಪ್) ಮೋಟಾರಿಗೇ ಜಾಸ್ತಿ ದಿನ ಹೋಯಿತು. ಬೋರ್‌ವೆಲ್ ಒಳಗೆ ಇಳಿಸುವ ಸಬ್‌ಮರ್ಸಿಬಲ್‌ಗೆ ಸಿಕ್ಕಿದ್ದು ಎರಡೇ ದಿನ. ನಮ್ಮೂರಲ್ಲಿ ಸುಡುವುದೆಲ್ಲ ಸಬ್‌ಮರ್ಸಿಬಲ್, ಅದರ ತಂತಿಯೇ ಬೇರೆ, ನೀರಲ್ಲಿ ಇರುವ ಮೋಟಾರ್ ಆದ್ದರಿಂದ ಜಾಯಿಂಟ್ ಹಾಕುವ ರೀತಿಯೂ ಬೇರೆ. ತರಬೇತಿ ಮುಗಿಸಿ ಪೇಟೆಯ ಒಂದು ಅಂಗಡಿಯಲ್ಲಿ 15 ದಿನ ಸಂಬಳವಿಲ್ಲದೆ ನಿಂತು ಕಲಿತೆ. ನಡೆಯುತ್ತಿರುವ ಅಂಗಡಿಯಲ್ಲಿ ಒಂದು ವಾರ ನಿಲ್ಲಿಸುವುದನ್ನು ತರಬೇತಿಯಲ್ಲೇ ಸೇರಿಸಬೇಕು, ಇದನ್ನು ಅವರಿಗೂ ಹೇಳಿ ಬಂದಿದ್ದೇನೆ.

ಇನ್ನು ಸಾಲ. ನಾನು ಕೇಳಿದ್ದು ಮುದ್ರಾ ಯೋಜನೆಯ ಶಿಶು ಸಾಲ, ಅಂದರೆ 50,000 ರೂಪಾಯಿ ಒಳಗಿನದು. ಅದಕ್ಕೆ ಅಡಮಾನ ಬೇಕಿಲ್ಲ. ಆದರೂ ನಮ್ಮ ಶಾಖೆಯವರು ಜಮೀನಿನ ಪತ್ರ ಕೇಳಿದರು, ಏಳು ಸಲ ಓಡಾಡಿಸಿದರು. ಅಷ್ಟರಲ್ಲಿ ಹೆಂಡತಿ ಸಂಘದಲ್ಲಿ ಸಾಲ ತೆಗೆದು ತಂತಿ ಕೊಡಿಸಿದಳು, ಅಂಗಡಿ ತೆರೆದಿದ್ದು ಅವಳಿಂದ. ಮೂರನೇ ತಿಂಗಳು ಆರ್‌ಸೆಟಿಯಿಂದ ವಿಚಾರಿಸಲು ಫೋನ್ ಬಂತು. ತರಬೇತಿಯ ನಂತರ ಎರಡು ವರ್ಷ ಹೀಗೆ ಕೇಳುತ್ತಿರುತ್ತಾರೆ. ಶಾಖೆಯ ಕಥೆ ಹೇಳಿದೆ. ಅವರೇ ಬ್ಯಾಂಕಿಗೆ ಬಂದು ಕೂತು ಮಾತಾಡಿದರು, ಹದಿನೈದು ದಿನದಲ್ಲಿ ಸಾಲ ಬಂತು. ಹಾಗಾಗಿ ತೊಂದರೆ ಇದ್ದರೆ ಅವರು ಫೋನ್ ಮಾಡಲಿ ಅಂತ ಕಾಯಬೇಡಿ, ನೀವೇ ಮಾಡಿ.

ಆಧಾರ್, ರೇಷನ್ ಕಾರ್ಡ್, ಫೋಟೊ ತೆಗೆದುಕೊಂಡು ಖುದ್ದಾಗಿ ಹೋಗಿ. ನಾಟಿ ಅಥವಾ ಕೊಯ್ಲಿನ ಸಮಯದ ಬ್ಯಾಚ್ ಬೇಡ, ಮಧ್ಯದಲ್ಲಿ ಬಿಟ್ಟು ಬರಬೇಕಾಗುತ್ತದೆ. ಸಬ್‌ಮರ್ಸಿಬಲ್ ಎಷ್ಟು ದಿನ ಹೇಳಿಕೊಡುತ್ತೀರಿ ಅಂತ ಅರ್ಜಿ ಕೊಡುವ ದಿನವೇ ಕೇಳಿ.