‘ಕಡಲ ತೀರದ ಸನ್ಯಾಸಿ’: ಒಂದು ಕ್ಯಾನ್ವಾಸ್ ಪ್ರತಿಯ ವಿಮರ್ಶೆ

ಜರ್ಮನಿಯ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್‌ರಿಶ್ 1808ರಿಂದ 1810ರ ಅವಧಿಯಲ್ಲಿ ರಚಿಸಿದ ‘ಕಡಲ ತೀರದ ಸನ್ಯಾಸಿ’ ಎಂಬ ತೈಲಚಿತ್ರದ ಪ್ರತಿಯನ್ನು ಆನ್‌ಲೈನ್ ಮುದ್ರಣ ಸೇವೆಯೊಂದರಿಂದ ತರಿಸಿಕೊಂಡೆ. ಕ್ಯಾನ್ವಾಸ್ ಗಟ್ಟಿಯಾಗಿದೆ, ಚೌಕಟ್ಟಿಗೆ ಬಿಗಿದ ರೀತಿಯೂ ಅಚ್ಚುಕಟ್ಟಾಗಿದೆ. ನನ್ನ ಆಕ್ಷೇಪವಿರುವುದು ಚಿತ್ರದ ಮೇಲ್ಮೈಯ ಬಗ್ಗೆ.

ಕೈಯಿಂದಲೇ ಬರೆದಂತೆ ಕಾಣಲೆಂದು ಮುದ್ರಣದ ಮೇಲೆ ಪಾರದರ್ಶಕ ಲೇಪವೊಂದನ್ನು ಕುಂಚದ ಗೆರೆಗಳ ಹಾಗೆ ಉಬ್ಬುಬ್ಬಾಗಿ ಬಳಿದಿದ್ದಾರೆ. ಫ್ರೀಡ್‌ರಿಶ್ ನಡೆದದ್ದು ಇದಕ್ಕೆ ತೀರ ವಿರುದ್ಧವಾದ ದಾರಿಯಲ್ಲಿ. ಆತ ಬಣ್ಣವನ್ನು ತೆಳುವಾದ ಪದರಗಳಾಗಿ, ಕೆಳಗಿನದು ಮೇಲಿನದರ ಮೂಲಕ ಮಿನುಗುವಂತೆ ಹಚ್ಚುತ್ತಿದ್ದ. ಕುಂಚ ಆಡಿದ ಗುರುತನ್ನು ಆದಷ್ಟೂ ಅಡಗಿಸುತ್ತಿದ್ದ. ಇದನ್ನು ಬರಿಯ ನಯಗಾರಿಕೆಯೆಂದು ನಾನು ಒಪ್ಪಲಾರೆ. ಚಿತ್ರದ ಬಹುಭಾಗವನ್ನು ಆಕಾಶವೇ ಆವರಿಸಿದೆ, ಕೆಳಗೆ ಕಪ್ಪು ಕಡಲಿನ ಒಂದು ಪಟ್ಟಿ, ಅದರ ಮುಂದೆ ಮಸುಕಾದ ಮರಳ ದಿಬ್ಬದ ಮೇಲೆ ನಮಗೆ ಬೆನ್ನು ತಿರುಗಿಸಿ ನಿಂತ ಪುಟ್ಟ ಸನ್ಯಾಸಿ. ಆ ಆಕಾಶದಲ್ಲಿ ಕಣ್ಣು ಎಲ್ಲಿಯೂ ತಡೆಯದೆ ಒಳಕ್ಕೆ ಇಳಿಯುತ್ತ ಹೋದಾಗ ಮಾತ್ರ ಅನಂತದೆದುರು ನಿಂತ ಮನುಷ್ಯನ ಒಂಟಿತನ ನೋಡುವವರದೂ ಆಗುತ್ತದೆ. ಉಬ್ಬುಗೆರೆಗಳ ಮೇಲೆ ದೀಪದ ಬೆಳಕು ಬಿದ್ದೊಡನೆ ಆಕಾಶ ಗಾರೆ ಮೆತ್ತಿದ ಗೋಡೆಯಾಗಿಬಿಡುತ್ತದೆ.

ಅತಿಗೆಂಪು ಕಿರಣಗಳ ಪರೀಕ್ಷೆಯಿಂದ ತಿಳಿದುಬಂದಂತೆ, ಈ ಕಡಲಿನಲ್ಲಿ ಫ್ರೀಡ್‌ರಿಶ್ ಮೊದಲು ಹಡಗುಗಳನ್ನು ರೇಖಿಸಿಕೊಂಡಿದ್ದ. ಆಮೇಲೆ ಅವನ್ನು ಕೈಬಿಟ್ಟ. ಹಡಗಿದ್ದರೆ ಪಯಣದ, ಮರಳಿ ಬರುವ ಕತೆಯೊಂದು ಹುಟ್ಟಿಕೊಳ್ಳುತ್ತಿತ್ತು. ಹೀಗೆ ಇದ್ದದ್ದನ್ನು ತೆಗೆತೆಗೆದು ಅರ್ಥಕ್ಕೆ ಜಾಗ ಮಾಡಿದ ಚಿತ್ರಕ್ಕೆ ಮೇಲಿನಿಂದ ಇನ್ನೊಂದನ್ನು ಮೆತ್ತಿರುವುದು ನನಗೆ ನಿಜಕ್ಕೂ ನೋವುಂಟುಮಾಡಿತು.

ಮುದ್ರಣದ ಬಣ್ಣಗಳಲ್ಲಿ ಆಕಾಶದ ಬೂದು ಮತ್ತು ನೀಲಿ ಚೆನ್ನಾಗಿಯೇ ಬಂದಿವೆ, ಕಡಲು ಮಾತ್ರ ಒಂದೇ ಕಪ್ಪಾಗಿದೆ. ಮಾರಾಟದ ಪಟ್ಟಿಯಲ್ಲಿ ಫ್ರೀಡ್‌ರಿಶ್‌ನದೇ ಇನ್ನೊಂದು ಚಿತ್ರ ‘ಓಕ್ ವನದ ಮಠ’ ಬೇರೆಯೇ ವಿಭಾಗದಲ್ಲಿದೆ. ಆದರೆ 1810ರಲ್ಲಿ ಬರ್ಲಿನ್ನಿನ ಅಕಾಡೆಮಿಯಲ್ಲಿ ಇವೆರಡೂ ಜೋಡಿಯಾಗಿಯೇ ಪ್ರದರ್ಶನಗೊಂಡಿದ್ದವು, ಪ್ರಷ್ಯದ ದೊರೆ ಎರಡನ್ನೂ ಕೊಂಡಿದ್ದ. ಒಂದರಲ್ಲಿ ಅಪಾರದೆದುರು ನಿಂತ ಸನ್ಯಾಸಿ, ಇನ್ನೊಂದರಲ್ಲಿ ಪಾಳುಬಿದ್ದ ಮಠದ ಬಾಗಿಲಿನತ್ತ ಶವಪೆಟ್ಟಿಗೆ ಹೊತ್ತು ಸಾಗುವ ಸನ್ಯಾಸಿಗಳು. ಒಂದರ ಪ್ರಶ್ನೆ ಇನ್ನೊಂದರಲ್ಲಿ ಮುಂದುವರಿಯುತ್ತದೆ.

ಲೇಪವಿಲ್ಲದ, ಹೊಳಪಿಲ್ಲದ ಮುದ್ರಣವೂ ಇದೇ ಸೇವೆಯಲ್ಲಿ ದೊರೆಯುತ್ತದೆ. ಕೊಳ್ಳುವವರು ಅದನ್ನೇ ಆರಿಸಿಕೊಳ್ಳಲಿ, ಸಾಧ್ಯವಾದರೆ ಎರಡು ಚಿತ್ರಗಳನ್ನೂ ತರಿಸಿ ಅಕ್ಕಪಕ್ಕದಲ್ಲಿ ತೂಗುಹಾಕಲಿ.