ರೀಕಾಂಬಿನಂಟ್ ಎಚ್‌ಎಸ್‌ಪಿ70 ಆರ್ಡರ್ ಮಾಡುವ ಮುಂಚೆ ಇದನ್ನು ಓದಿ

ಬೆಂಗಳೂರಿನ ಲ್ಯಾಬ್‌ಗಳಲ್ಲಿ ಸೆಲ್ ಕಲ್ಚರ್ ಮಾಡುವವರು ದಯವಿಟ್ಟು ಪೂರ್ತಿ ಓದಿ. ರೀಕಾಂಬಿನಂಟ್ ಹ್ಯೂಮನ್ ಎಚ್‌ಎಸ್‌ಪಿ70 (ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮನುಷ್ಯರ ಒಂದು ಪ್ರೋಟೀನ್) ಅಂತ ನಮಗೆ ಮಾರಿದ ವಯಲ್‌ನಲ್ಲಿ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಪದರದ ವಿಷ, ತುಂಬಿತ್ತು. ಮಾರಿದವರು ಇವತ್ತಿಗೂ ಒಪ್ಪುತ್ತಿಲ್ಲ.

ಕೊಟೇಶನ್ ತಗೊಳ್ಳುವಾಗಲೇ ಡೀಲರ್‌ಗೆ ಕೇಳಿದ್ದೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ ಪ್ರೋಟೀನ್ ಅಲ್ವಾ, ಎಂಡೋಟಾಕ್ಸಿನ್ ಎಷ್ಟಿದೆ ಅಂತ. "ತುಂಬಾ ಲೋ ಮೇಡಂ, ಎಲ್ಲರೂ ಇದನ್ನೇ ತಗೊಳ್ತಾರೆ. ಸರ್ಟಿಫಿಕೇಟ್ ಮೇಲ್ ಮಾಡ್ತೀವಿ" ಅಂದರು. ದುಡ್ಡು ಮುಂಚೆಯೇ ಕಟ್ಟಿಸಿಕೊಂಡರು. ಸರ್ಟಿಫಿಕೇಟ್ ಬರಲಿಲ್ಲ.

ಟಿಎಚ್‌ಪಿ-1 ಅನ್ನುವ ಮನುಷ್ಯರ ರೋಗನಿರೋಧಕ ಸೆಲ್‌ಗಳಿಗೆ ಹಾಕಿದಾಗ ಟಿಎನ್‌ಎಫ್ (ಉರಿಯೂತದ ಸಂಕೇತ ಕೊಡುವ ಪ್ರೋಟೀನ್) ಧಾರಾಳವಾಗಿ ಬಂತು. ಲ್ಯಾಬ್‌ನಲ್ಲಿ ಎಲ್ಲರಿಗೂ ಖುಷಿ. ಪೇಪರ್ ಬರೆಯೋಕೆ ಶುರು ಮಾಡು ಅಂತ ಗೈಡ್ ಹೇಳಿಬಿಟ್ಟರು. ಆಮೇಲೆ ಕಂಟ್ರೋಲ್‌ಗೆ ಅಂತ ಅದೇ ಪ್ರೋಟೀನನ್ನು 95 ಡಿಗ್ರಿಯಲ್ಲಿ ಕಾಯಿಸಿ ಹಾಕಿದೆ. ಆ ಬಿಸಿಗೆ ಪ್ರೋಟೀನ್ ಕೆಡಬೇಕು. ಎಂಡೋಟಾಕ್ಸಿನ್ ಜಗ್ಗುವುದಿಲ್ಲ. ಟಿಎನ್‌ಎಫ್ ಇದ್ದಷ್ಟೂ ಹಳದಿಯಾಗುವ ಎಲೈಸಾ ಪ್ಲೇಟ್‌ಗೆ ಸ್ಟಾಪ್ ಸಲ್ಯೂಷನ್ ಹಾಕಿ ನೋಡಿದೆ. ಕಾಯಿಸದ ಸಾಲು ಗಾಢ ಹಳದಿ. ಕಾಯಿಸಿದ ಸಾಲೂ ಅಷ್ಟೇ ಗಾಢ ಹಳದಿ! ಬರೀ ಮೀಡಿಯಾ (ಸೆಲ್ ಬೆಳೆಸುವ ದ್ರವ) ಹಾಕಿದ ಸಾಲಿಗೆ ಬಣ್ಣವೇ ಇಲ್ಲ. ಎಂಡೋಟಾಕ್ಸಿನನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಸೇರಿಸಿ ಮತ್ತೆ ಮಾಡಿದರೆ ಹಳದಿ ಪೂರಾ ಮಾಯ. ನನ್ನ ಕೈಕಾಲು ತಣ್ಣಗಾಯಿತು. ಇಷ್ಟು ದಿನ ನಾವು ಅಳೆಯುತ್ತಿದ್ದದ್ದು ಬ್ಯಾಕ್ಟೀರಿಯಾದ ಕೊಳೆಯನ್ನು. ಲ್ಯಾಬ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ತೋರಿಸಿದ್ದ ಗ್ರಾಫ್ ಸುಳ್ಳು ಅಂತ ನಾನೇ ನಿಂತು ಹೇಳಬೇಕಾಯಿತು. ತಲೆ ಎತ್ತೋಕಾಗಲಿಲ್ಲ.

ಡೀಲರ್‌ಗೆ ಫೋನ್ ಮಾಡಿದರೆ ಏನಂದರು ಗೊತ್ತಾ? "ನಿಮ್ಮ ಮೀಡಿಯಾದಲ್ಲೇ ಎಂಡೋಟಾಕ್ಸಿನ್ ಇರಬಹುದು ಮೇಡಂ." ಮೀಡಿಯಾ ಸಾಲಿಗೆ ಬಣ್ಣ ಬಂದಿಲ್ಲ, ಫೋಟೋ ಕಳಿಸಿದ್ದೇನೆ ಅಂದೆ. "ವಯಲ್ ಓಪನ್ ಆಗಿದೆ, ರಿಟರ್ನ್ ಇಲ್ಲ." ಓಪನ್ ಮಾಡದೆ ಟೆಸ್ಟ್ ಮಾಡೋದು ಹೇಗೆ ಸ್ವಾಮಿ? ಕೊನೆಗೆ ಸರ್ಟಿಫಿಕೇಟ್ ಕಳಿಸಿದರು. ಅದರಲ್ಲಿದ್ದ ಲಾಟ್ (ತಯಾರಿಕೆಯ ಬ್ಯಾಚ್) ನಂಬರೇ ಬೇರೆ, ನಮ್ಮ ವಯಲ್ ಮೇಲಿದ್ದದ್ದೇ ಬೇರೆ. ಎಂಡೋಟಾಕ್ಸಿನ್ ಎದುರಿಗೆ ಸುಮ್ನೆ "ಲೋ" ಅಂತಿತ್ತು, ಒಂದು ಅಂಕಿಯೂ ಇಲ್ಲ. ಕೇಳಿದರೆ "ಎಲ್ಲಾ ಲಾಟ್ ಒಂದೇ ಥರ ಮೇಡಂ. ರಿಸರ್ಚ್‌ಗೆ ಮಾತ್ರ ಅಂತ ಲೇಬಲ್ ಮೇಲೇ ಇದೆಯಲ್ಲ" ಅಂತೆ. ರಿಸರ್ಚ್‌ಗೆ ಅಂದರೆ ಏನು ಬೇಕಾದರೂ ಕೊಡಬಹುದಾ?

ಇದೇನು ಹೊಸ ವಿಷಯವೂ ಅಲ್ಲ. ಇದೇ ಎಚ್‌ಎಸ್‌ಪಿ70ಯಿಂದ ಇಲಿಯ ಮ್ಯಾಕ್ರೋಫೇಜ್ ಅನ್ನುವ ರೋಗನಿರೋಧಕ ಸೆಲ್‌ಗಳಲ್ಲಿ ಟಿಎನ್‌ಎಫ್ ಬರುವುದಕ್ಕೆ ಎಂಡೋಟಾಕ್ಸಿನ್ನೇ ಕಾರಣ ಅಂತ ಗಾವ್ ಮತ್ತು ತ್ಸಾನ್ ಅನ್ನುವ ಸಂಶೋಧಕರು 2003ರಲ್ಲೇ ಪೇಪರ್ ಹಾಕಿದ್ದರು. ಈ ಪ್ರೋಟೀನ್ ಮಾರುವವರಿಗೆ ಅಷ್ಟೂ ಗೊತ್ತಿರಬೇಡವಾ?

ನಿಮ್ಮದೇ ಲಾಟ್‌ನ ಸರ್ಟಿಫಿಕೇಟ್ ಕೈಗೆ ಬರುವವರೆಗೂ ಪಿಒ (ಪರ್ಚೇಸ್ ಆರ್ಡರ್) ಕಳಿಸಬೇಡಿ. ಮೈಕ್ರೋಗ್ರಾಂಗೆ ಇಷ್ಟು ಎಂಡೋಟಾಕ್ಸಿನ್ ಯೂನಿಟ್ ಅಂತ ಅಂಕಿ ಇರಲೇಬೇಕು. ವಯಲ್ ತೆರೆದ ಕೂಡಲೇ ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಟೆಸ್ಟ್ ಮಾಡಿಸಿ. ಕಾಯಿಸಿದ ಕಂಟ್ರೋಲ್ ಮರೆಯಬೇಡಿ. ಡೀಲರ್ ಫೋನಿನಲ್ಲಿ ಹೇಳಿದ್ದನ್ನು ನಂಬಲೇಬೇಡಿ, ಎಲ್ಲಾ ಮೇಲ್‌ನಲ್ಲೇ ಬರಲಿ.

ನಿನ್ನೆ ಮತ್ತೆ ಅವರ ಮೇಲ್ ಬಂತು. ಮುಂದಿನ ಆರ್ಡರ್‌ಗೆ ಡಿಸ್ಕೌಂಟ್ ಕೊಡ್ತಾರಂತೆ. ನನಗೆ ಡಿಸ್ಕೌಂಟ್ ಬೇಡ, ಗ್ರಾಂಟ್ ದುಡ್ಡು ವಾಪಸ್ ಕೊಡಿ ಅಂತ ಗೈಡ್‌ಗೂ ಪರ್ಚೇಸ್ ಸೆಕ್ಷನ್‌ಗೂ ಕಾಪಿ ಹಾಕಿ ಬರೆದಿದ್ದೇನೆ.